ಮಲಾವಿಯಿಂದ ಬಂದ ಜ್ವರ, ಮಲಾವಿಯಿಂದ ಬಂದ ಫೋನು

ಬೆಳಿಗ್ಗೆ ಹತ್ತೂಕಾಲು. ತಾಳುಬೆಟ್ಟದ ಹತ್ತಿರ, ಸುಡುವ ಬಿಸಿಲಿನಲ್ಲಿ, ನನ್ನ ಗಂಡ ಸಿದ್ದರಾಜು ಗಡಗಡ ನಡುಗಲು ಶುರು ಮಾಡಿದರು.

ಹೊತ್ತು ಇಷ್ಟು ಸರಿಯಾಗಿ ನೆನಪಿರುವುದು ಒಂದು ಫೋಟೊದಿಂದ. ಆಗಷ್ಟೇ ನನ್ನ ಫೋನಿನಲ್ಲಿ ತೆಗೆದಿದ್ದೆ. ಅದರಲ್ಲಿ ಅವರು ನಗುತ್ತಿದ್ದಾರೆ. ಈಗಲೂ ಅದನ್ನು ದೊಡ್ಡದು ಮಾಡಿ ನೋಡುತ್ತೇನೆ. ಆ ಮುಖದಲ್ಲಿ ನನಗೆ ಏನಾದರೂ ಕಾಣಬೇಕಿತ್ತೇ?

ಅವರು ಊರಿಗೆ ಬಂದು ಹತ್ತು ದಿನವಾಗಿತ್ತು. ಆಫ್ರಿಕಾದ ಮಲಾವಿಯಲ್ಲಿ, ತಮಿಳುನಾಡಿನವರೊಬ್ಬರ ಬೋರ್‌ವೆಲ್ ಲಾರಿಯಲ್ಲಿ ಎರಡು ವರ್ಷ ದುಡಿದಿದ್ದರು. ಮಗ ಸುಖವಾಗಿ ಮರಳಿದರೆ ನಮ್ಮೂರು ರಾಮಾಪುರದಿಂದ ಮಾದೇಶ್ವರನ ಬೆಟ್ಟಕ್ಕೆ ನಡೆಸಿಕೊಂಡು ಬರುತ್ತೇನೆಂದು ನಮ್ಮತ್ತೆ ಮಾದಪ್ಪನಿಗೆ ಹರಕೆ ಹೊತ್ತಿದ್ದರು. ಮೂವರೂ ಬರಿಗಾಲಲ್ಲಿ ಹೊರಟಿದ್ದೆವು.

"ವಾಪಸ್ ಓಗನ ಅತ್ತೆ, ಮೈ ಕಾದ ಅಂಚಿನಂಗ್ ಸುಡ್ತದೆ" ಅಂದೆ.

"ಲಾರಿ ಮೇಲೆ ಕುಂತು ಕುಂತು ನಡ್ಯಾದೇ ಮರ್ತವ್ನೆ, ಅದುಕ್ಕೆ ಕಣವ್ವ. ಬೆಟ್ಟದ ಬುಡುಕ್ ಬಂದು ತಿರುಗ್ಬುಟ್ರೆ ಮಾದಪ್ಪ ಏನಂದ್ಕಂಡಾನು?"

ಸಿದ್ದರಾಜು ಹಲ್ಲು ಕಟಕಟ ಎನ್ನುತ್ತಿರುವಾಗಲೂ ನಕ್ಕರು. "ಅವ್ವ ಯಾವತ್ತೂ ಮಾದಪ್ಪನ ಪಾರ್ಟಿ. ನಡಿ ನಡಿ."

ಮಾತ್ರೆ ನುಂಗಿ ನಡೆದರು. ಸಂಜೆಗೆ ಮೈಯೆಲ್ಲ ಬೆವೆತು ಜ್ವರ ಬಿಟ್ಟಿತು. ದರ್ಶನವಾಯಿತು. ಬಸ್ಸಿನಲ್ಲಿ ಊರಿಗೆ ಬಂದೆವು. ಮಾರನೆಯ ದಿನ ಮತ್ತೆ ಜ್ವರ.

ಊರಿನ ಕ್ಲಿನಿಕ್ಕಿನಲ್ಲಿ ಬೆಟ್ಟಕ್ಕೆ ನಡೆದು ಬಂದಿದ್ದಾರೆ ಎಂದೆವು. ಮಲಾವಿಯ ಮಾತು ಯಾರ ಬಾಯಿಗೂ ಬರಲಿಲ್ಲ. ಕಾಲಲ್ಲಿ ಬೊಬ್ಬೆ ಎದ್ದ ಮನುಷ್ಯ ಸುಸ್ತಾಗಿ ಮಲಗಿದ್ದರೆ, ಕಾರಣ ಕಣ್ಣೆದುರಿಗೇ ಇರುತ್ತದೆ. ವೈರಲ್ ಇರಬಹುದೆಂದು ಮಾತ್ರೆ ಕೊಟ್ಟರು. ತಂದು ನುಂಗಿಸಿದೆ.

ಆಮೇಲೆ ಅವರು ನನ್ನನ್ನು ಬೇರೆ ಯಾರದೋ ಹೆಸರಿನಿಂದ ಕರೆದರು.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ವಿಡಿಯೊ ಕಾಲ್. ಬೆನೆಡಿಕ್ಟ್, ಮಲಾವಿಯವನು, ಅವರ ಜೊತೆ ಅದೇ ಲಾರಿಯಲ್ಲಿ ಕೆಲಸ ಮಾಡುತ್ತಿದ್ದವನು. ತೊಡೆಯ ಮೇಲೆ ಮಗಳು ಗ್ರೇಸ್, ನಾಲ್ಕು ವರ್ಷದವಳು. ತಮಿಳರ ಜೊತೆಗಿದ್ದು ಬೆನೆಡಿಕ್ಟ್ ತಮಿಳು ಕಲಿತಿದ್ದ. ಗಡಿ ಹತ್ತಿರದ ನಮಗೂ ತಮಿಳು ಬರುತ್ತದೆ.

"ಅಣ್ಣಿ, ರಾಜು ಅಣ್ಣ ಎಂಗೆ?"

ಅತ್ತಿಗೆ ಎಂದು ನನ್ನನ್ನು ಕರೆದು, ಅವರೆಲ್ಲಿ ಎಂದು ಕೇಳುತ್ತಿದ್ದ. ಜ್ವರ, ಮಲಗಿದ್ದಾರೆ ಎಂದೆ.

"ಯಾರವ್ವ ಅದು?" ಅತ್ತೆ ಇಣುಕಿದರು. "ಅಯ್ಯೋ, ನಮ್ ಸಿದ್ದನ್ಗಿಂತ ಚೆಂದಾಗ್ ತಮಿಳ್ ಆಡ್ತನಲ್ಲ!"

ಗ್ರೇಸ್ ಅತ್ತೆಯನ್ನು ನೋಡಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ನಾನು ಫೋನನ್ನು ಸಿದ್ದರಾಜು ಕಡೆ ತಿರುಗಿಸಿದೆ. ಹಳದಿಗಟ್ಟಿದ ಕಣ್ಣುಗಳು ಎಲ್ಲೋ ನೋಡುತ್ತಿದ್ದವು. ಬೆನೆಡಿಕ್ಟನ ದನಿಯೇ ಬದಲಾಯಿತು.

"ಮಲೇರಿಯಾ, ಅಣ್ಣಿ. ಆಸ್ಪತ್ರಿ ಪೋ. ಇಪ್ಪೋ ಪೋ!"

ಈಗಲೇ ಹೋಗು. ಪಕ್ಕದ ಮನೆಯವರ ಕಾರು ಹತ್ತಿದೆವು.

ಹನೂರು ದಾಟುವಾಗ ಅವರಿಗೆ ಫಿಟ್ಸ್ ಬಂತು.

ಕಾಮಗೆರೆಯ ಆಸ್ಪತ್ರೆಯ ಬಾಗಿಲಲ್ಲೇ "ಮಲಾವಿ, ಮಲೇರಿಯಾ" ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಟೆಸ್ಟ್ ಕಾರ್ಡಿಗೆ ಹಾಕಿದ್ದು ನೆನಪಿದೆ. ಗೆರೆ ಮೂಡಿದ್ದೂ ನೆನಪಿದೆ.

"ಫಾಲ್ಸಿಪಾರಂ, ಮಲೇರಿಯಾದಲ್ಲೇ ಕೆಟ್ಟದ್ದು" ಎಂದರು ಡಾಕ್ಟರಮ್ಮ. "ಮೆದುಳಿಗೆ ಹೋಗಿದೆ. ಆರ್ಟಿಸುನೇಟ್ ಇಂಜೆಕ್ಷನ್ ಇದೆ, ಈಗ್ಲೇ ಶುರು ಮಾಡ್ತೀವಿ. ಇಲ್ಲಿ ಮಲೇರಿಯಾ ನೋಡೋದೇ ಅಪರೂಪ ಆಗಿದೆಯಮ್ಮ. ಎಲ್ಲಿಂದ ಬಂದಿದಾರೆ ಅಂತ ಗೊತ್ತಾಗದೆ ಇನ್ನೊಂದು ದಿನ ಹೋಗಿದ್ರೆ..."

ಅಷ್ಟು ಹೇಳಿ ಐಸಿಯು ಒಳಗೆ ಹೋದರು.

ಐಸಿಯು ಹೊರಗೆ ಕುಳಿತವರಿಗೆ ದಿನವೆಂದರೆ ಬಾಗಿಲು ತೆರೆಯುವುದು, ಮುಚ್ಚುವುದು. ಬೆನೆಡಿಕ್ಟ್ ದಿನವೂ ಫೋನ್ ಮಾಡುತ್ತಿದ್ದ. ಒಂದೇ ಪ್ರಶ್ನೆ: "ಊಸಿ ಪೋಟ್ಟಾಚಾ?" ಇಂಜೆಕ್ಷನ್ ಆಯಿತಾ? ಆಯಿತು ಎಂದರೆ ದೇವರಿಗೆ ತನ್ನ ಭಾಷೆಯಲ್ಲಿ ಏನೋ ಹೇಳಿ ಫೋನ್ ಇಡುತ್ತಿದ್ದ.

ಒಂದು ಬೆಳಿಗ್ಗೆ ಸಿದ್ದರಾಜು ಕಣ್ಣು ಬಿಟ್ಟು ನನ್ನ ಹೆಸರು ಹೇಳಿದರು. ಕಾರಿಡಾರಿನ ಗೋಡೆಗೆ ಒರಗಿ ಅತ್ತೆ ಮಗುವಿನ ಹಾಗೆ ಅತ್ತರು. ಸಿದ್ದರಾಜು ವಾರ್ಡಿಗೆ ಬಂದ ಮೇಲೆ ಡಾಕ್ಟರಮ್ಮ ಬಿಡುವಿನಲ್ಲಿ ಹೇಳಿದರು: ಈ ಔಷಧಿಯ ಮೂಲ ಒಂದು ಗಿಡ, ಅದನ್ನು ಕಂಡುಕೊಂಡವರು ಚೀನಾದವರು, ಇಂಜೆಕ್ಷನ್ ತಯಾರಾಗುವುದು ನಮ್ಮ ದೇಶದಲ್ಲೂ. ನಮ್ಮಿಂದ ಆಫ್ರಿಕಾಕ್ಕೂ ಹೋಗುತ್ತದೆ, ಬೇರೆ ದೇಶಗಳು ಹಣ ಹಾಕಿ ಕಳಿಸುತ್ತವೆ. ಕೇಳುತ್ತಾ ನನಗೆ ಈ ಭೂಮಿಯ ಮನುಷ್ಯರ ಬಗ್ಗೆ ದೊಡ್ಡ ನಂಬಿಕೆ ಹುಟ್ಟಿತು. ಗುರುತಿಲ್ಲದ ಎಷ್ಟೋ ಜನ ಸೇರಿ ನನ್ನ ಗಂಡನನ್ನು ಎತ್ತಿ ಕೂರಿಸಿದ್ದಾರೆ ಅನಿಸಿತು.

ಆ ದಿನ ಬೆನೆಡಿಕ್ಟ್ ಫೋನ್ ಮಾಡಲಿಲ್ಲ. ಮರುದಿನವೂ ಇಲ್ಲ.

ಮನೆಗೆ ಬಂದೆವು. ಆರೋಗ್ಯ ಇಲಾಖೆಯವರು ನಮ್ಮ ಬೀದಿಯವರದೆಲ್ಲ ರಕ್ತ ಪರೀಕ್ಷೆ ಮಾಡಿದರು, ಗೋಡೆಗೆ ಔಷಧಿ ಹೊಡೆದರು. ಸೊಳ್ಳೆ ಇವರನ್ನು ಕಚ್ಚಿ ಇನ್ನೊಬ್ಬರನ್ನು ಕಚ್ಚಿದರೆ ರೋಗ ಊರಲ್ಲಿ ಬೇರು ಬಿಡುತ್ತದಂತೆ. ಬೆರಳು ಚುಚ್ಚಿಸಿಕೊಂಡ ಎದುರುಮನೆ ಪುಟ್ಟಮ್ಮ ಅತ್ತೆಯನ್ನು ಛೇಡಿಸದೆ ಬಿಡಲಿಲ್ಲ. "ಫಾರಿನ್ನಿಂದ ಸೆಂಟು ತತ್ತಾನೆ ಅಂದ್ಕಂಡಿದ್ರೆ ಜ್ವರ ತಂದವ್ನೆ ಕಣವ್ವ ನಿನ್ ಮಗ!" ಅತ್ತೆ ಬೆಟ್ಟದಿಂದ ಬಂದ ಮೇಲೆ ಮೊದಲ ಸಲ ನಕ್ಕರು. ಯಾರ ರಕ್ತದಲ್ಲೂ ಏನೂ ಸಿಗಲಿಲ್ಲ.

ಅಂದು ಸಂಜೆ ಸಿದ್ದರಾಜು ತಾವೇ ಬೆನೆಡಿಕ್ಟನಿಗೆ ಫೋನ್ ಹಚ್ಚಿದರು. ನಾನು ಪಕ್ಕದಲ್ಲಿದ್ದೆ. ಬದುಕಿದೆ ಕಣಯ್ಯ, ನಿನ್ನಿಂದ ಬದುಕಿದೆ ಎಂದು ತಮಿಳಿನಲ್ಲಿ ಹೇಳುತ್ತಿದ್ದರು. ಆ ಕಡೆಯಿಂದ ಬೆನೆಡಿಕ್ಟನ ದನಿ ಬಂತು.

"ಗ್ರೇಸ್ ಪೋಯಿಟ್ಟಾ, ಅಣ್ಣಾ."

ಗ್ರೇಸ್ ಹೋಗಿಬಿಟ್ಟಳು.

ಮಲೇರಿಯಾವೇ. ಅಲ್ಲೂ ಬೆರಳು ಚುಚ್ಚಿದ್ದಾರೆ, ಅಲ್ಲೂ ಗೆರೆ ಮೂಡಿದೆ. ಇಂಜೆಕ್ಷನ್ ಮಾತ್ರ ಇರಲಿಲ್ಲ. ಹೊರದೇಶದ ಹಣ ನಿಂತಿದೆ, ಸ್ಟಾಕ್ ಬಂದಿಲ್ಲ ಎಂದರಂತೆ. ಪೇಟೆಯ ಆಸ್ಪತ್ರೆಗೆ ಬೈಕಿನಲ್ಲಿ ಒಯ್ಯುತ್ತಿದ್ದಾಗ ಅಪ್ಪನ ಎದೆಗೆ ಒರಗಿಕೊಂಡೇ ಹೋದಳಂತೆ. ನಮಗೆ ಕೊನೆಯ ಸಲ ಫೋನ್ ಮಾಡಿ ಊಸಿ ಆಯಿತಾ ಎಂದು ಕೇಳಿದಾಗಲೇ ಅವಳ ಮೈ ಬಿಸಿಯಿತ್ತು. ನಮಗೆ ಹೇಳಿರಲಿಲ್ಲ.

ಸಿದ್ದರಾಜು ಫೋನನ್ನು ಕಿವಿಯಿಂದ ತೆಗೆಯಲೇ ಇಲ್ಲ. ಇಬ್ಬರು ಗಂಡಸರು, ಇಬ್ಬರದೂ ಅಲ್ಲದ ಭಾಷೆಯಲ್ಲಿ, ಅಳುತ್ತಿದ್ದರು.

ನಾನು ಅತ್ತೆಗೆ ಹೇಳಿದೆ. ಅವರು ಸೆರಗಿನ ತುದಿಯನ್ನು ಹೊಸೆಯುತ್ತಾ ಕೇಳಿದರು.

"ಆ ಸೂಜಿಮದ್ದು ನಮ್ ದೇಸ್ದಲ್ಲೇ ಮಾಡದು ಅಂದ್ರಲ್ಲವ್ವ ಡಾಕ್ಟ್ರಮ್ಮ? ಇಲ್ಲಿಂದ ಅಲ್ಲಿಗೆ ಓಗಾಕೆ ಏನಾಗಿತ್ತು ಅದುಕ್ಕೆ?"

ನಾನು ಪದವಿ ಓದಿದ್ದೇನೆ. ಹಣ ನಿಂತಿತ್ತಂತೆ ಎಂದು ಬೆನೆಡಿಕ್ಟ್ ಹೇಳಿದ್ದನ್ನೇ ಮತ್ತೆ ಹೇಳಿದೆ.

ಆಮೇಲೂ ಎಷ್ಟೋ ದಿನ ನಾನು ನಿದ್ದೆಯಿಂದ ಎದ್ದು ಗಂಡನ ಹಣೆ ಮುಟ್ಟುತ್ತಿದ್ದೆ. ಅವರು ಎಚ್ಚರವೇ ಇರುತ್ತಿದ್ದರು. ಬೆನೆಡಿಕ್ಟ್ ಮತ್ತೆ ಲಾರಿಯ ಕೆಲಸಕ್ಕೆ ಹೋಗತೊಡಗಿದ. ತಾನಾಗಿ ಫೋನ್ ಮಾಡಿ, ಹೊಸ ಬೋರಿನಲ್ಲಿ ಒಳ್ಳೆಯ ನೀರು ಬಿತ್ತು ಎಂದ. ಮಗಳ ಮಾತು ಆಡಲಿಲ್ಲ. ಅಣ್ಣ ಉಂಡನಾ ಎಂದು ಕೇಳಿದ.

ಅವನು ಫೋನ್ ಮಾಡಿದ ಆ ಶುಕ್ರವಾರ ರಾತ್ರಿ, ಸೊಳ್ಳೆಪರದೆಯೊಳಗೆ, ನಾವು ಮೂವರೂ ಬೆಳಗಿನವರೆಗೆ ನಿದ್ದೆ ಮಾಡಿದೆವು. ಎದ್ದಾಗ ಬಿಸಿಲು ಹೊಸಿಲು ದಾಟಿ ಒಳಗೆ ಬಂದಿತ್ತು. ಅವರ ಹಣೆ ತಣ್ಣಗಿತ್ತು. ಮಾದಪ್ಪನಿಗೆ ಕೈ ಮುಗಿದೆ. ಮಲಾವಿಯಲ್ಲಿ ಇನ್ನೂ ಬೆಳಕಾಗಿರಲಿಲ್ಲ. ಅಲ್ಲಿ ಬೆನೆಡಿಕ್ಟನಿಗೂ ನಿದ್ದೆ ಬಂದಿರಲಿ ಎಂದುಕೊಂಡೆ.