ಗೋಡೆಯ ಮೇಲಿನ ಹರಿಗೋಲು

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ನಮ್ಮ ಮದುವೆಯ ದಿನ ಮಳೆ ಬಂದಿತ್ತೆಂದು ನಾನು, ಬಂದಿರಲಿಲ್ಲವೆಂದು ನನ್ನ ಹೆಂಡತಿ ವಾದಿಸುತ್ತ ಮೂವತ್ತೈದು ವರ್ಷ ಕಳೆದವು. ಈಚೆಗೆ ಇಬ್ಬರೂ ಪಕ್ಷ ಬದಲಾಯಿಸಿದ್ದೇವೆ. ಇತಿಹಾಸದಲ್ಲಿ ಎಂ.ಎ. ಮಾಡಿ, ಜಗಳೂರು, ಚನ್ನಗಿರಿ, ನ್ಯಾಮತಿಗಳಲ್ಲಿ ಪಾಠ ಹೇಳಿ, ಹುಟ್ಟೂರು ಹೊನ್ನಾಳಿಯಲ್ಲಿ ನಿವೃತ್ತನಾದವನು ನಾನು. ಹುಡುಗರಿಗೆ ಜೀವಮಾನವಿಡೀ ಕೇಳಿದ್ದು ಒಂದೇ ಪ್ರಶ್ನೆ: “ಆಧಾರ ಎಲ್ಲಿ?” ಅಂಥವನು ಆಧಾರವೇ ಇಲ್ಲದ ನೆನಪೊಂದನ್ನು ಊರ ಗೋಡೆಯ ಮೇಲೆ ಆಳೆತ್ತರಕ್ಕೆ ಬರೆಸಿಬಿಟ್ಟೆ. ಇದನ್ನು ನಿಮಗೆ ಹೇಳುತ್ತಿದ್ದೇನೆ, ಏಕೆಂದರೆ ಊರಿನವರಿಗೆ ಹೇಳಿ ನೋಡಿದೆ, ಅವರು ನಂಬಲಿಲ್ಲ.

ನಮ್ಮ ಕಡೆಯ ನಾಲ್ಕು ಊರುಗಳ ಸಂದಿಗಳಲ್ಲಿ ಆಯಾ ಊರಿನ ಕಲಾವಿದರಿಂದಲೇ ಚಿತ್ರ ಬರೆಸಬೇಕೆಂದು ಜಿಲ್ಲಾ ಕಚೇರಿಯಲ್ಲಿ ತೀರ್ಮಾನವಾಗಿತ್ತು. ಜಗಳೂರಿನವರು ತಮ್ಮ ಕಾಡಿನ ನಾಲ್ಕು ಕೊಂಬಿನ ಕೊಂಡುಕುರಿ ಸಾಕು ಎಂದರು. ಚನ್ನಗಿರಿಯವರು ಕೋಟೆಯೋ ಸಂತೇಬೆನ್ನೂರಿನ ಪುಷ್ಕರಣಿಯೋ ಎಂದು ಎರಡು ಗುಂಪಾದರು. ನ್ಯಾಮತಿಯವರು ಗೋಡೆ ಯಾವುದೆಂಬಲ್ಲೇ ನಿಂತಿದ್ದರು. ಹೊನ್ನಾಳಿಯಲ್ಲಿ ಹೊಳೆಗೆ ಇಳಿಯುವ ಸಂದಿಯ ಉದ್ದನೆಯ ಗೋಡೆ ಸಿಕ್ಕಿತು. ಅದುವರೆಗೆ ಗಂಡಸರು ಆ ಗೋಡೆಯ ಎದುರು ನಿಲ್ಲುತ್ತಿದ್ದುದು ಕಲೆಯನ್ನು ನೋಡಲಿಕ್ಕಲ್ಲ. ಮೇಲ್ವಿಚಾರಣೆಗೆ ಒಂದು ಸಮಿತಿಯಾಯಿತು. ಓದಿದವರು ಒಬ್ಬರಿರಲಿ ಎಂದು ನನ್ನನ್ನೂ ಸೇರಿಸಿದರು.

ನಿಯಮ ಏನೇ ಇರಲಿ, ಸಮಿತಿಯ ಕಿರಿಯರಿಗೆ ಸ್ಪ್ರೇ ಡಬ್ಬಿ ಹಿಡಿದು ಬರೆಯುವ ದಾವಣಗೆರೆಯ ತರುಣರು ಬೇಕಾಗಿತ್ತು. ನನಗೆ ಪೇಂಟರ್ ದಾದಾಪೀರ್ ನೆನಪಾದರು. ಒಂದು ಕಾಲಕ್ಕೆ ಊರಿನ ಅಂಗಡಿ ಬೋರ್ಡುಗಳೆಲ್ಲ ಅವರ ಕೈಯವೇ. ಹಳೆಯ ಬೋರ್ಡನ್ನು ಅವರು ಕೆರೆಯುತ್ತಿರಲಿಲ್ಲ. ಬಿಳಿ ಬಣ್ಣ ಒಂದು ಕೈ ಹೊಡೆದು ಅದರ ಮೇಲೇ ಹೊಸದನ್ನು ಬರೆಯುತ್ತಿದ್ದರು. ಹೀಗಾಗಿ ಬಟ್ಟೆ ಅಂಗಡಿಯ ಕೆಳಗೆ ಸೈಕಲ್ ಶಾಪು, ಅದರ ಕೆಳಗೊಂದು ಖಾನಾವಳಿ ಮಲಗಿರುತ್ತಿತ್ತು. ಕೆಳಗಿನ ಮೂಲೆಯಲ್ಲಿ ಚಿಕ್ಕದಾಗಿ ಅವರ ಹೆಸರು, ಇಸವಿ. ಫ್ಲೆಕ್ಸ್ ಬಂದ ಮೇಲೆ ಆ ಹೆಸರು ಊರಿನ ಒಂದೊಂದೇ ಮೂಲೆಯನ್ನು ಖಾಲಿ ಮಾಡುತ್ತ ಹೋಯಿತು. ಈಗ ಉಳಿದಿರುವುದು ನಂಬರ್ ಪ್ಲೇಟು ಮತ್ತು ಟ್ರ್ಯಾಕ್ಟರ್ ಟ್ರೇಲರ್.

ನಾನು ಎದ್ದು ನಿಂತು ಭಾಷಣ ಬಿಗಿದೆ. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಅದೇ ಗೋಡೆಯ ಮೇಲೆ ದಾದಾಪೀರ್ ಒಂದು ಹರಿಗೋಲಿನ ಚಿತ್ರ ಬರೆದಿದ್ದರು. ಅದರೊಳಗೆ ಜನ ಒತ್ತೊತ್ತಾಗಿ ಕೂತಿದ್ದರು. ಅಂಥ ನೀಲಿ ನೀರನ್ನು ನಾನು ಮತ್ತೆಲ್ಲೂ ನೋಡಲಿಲ್ಲ, ಎಂದೆ. ಸಮಿತಿಯ ಮನಸ್ಸು ಕರಗಿತು. ಆ ಹಳೆಯ ಹರಿಗೋಲನ್ನೇ ದಾದಾಪೀರ್ ಮತ್ತೆ ಬರೆಯಲಿ ಎಂದು ಒಮ್ಮತವಾಯಿತು.

ಸುದ್ದಿ ಹೇಳಲು ಅವರ ಮನೆಗೆ ಹೋದೆ. ಅವರು ಚಹಾದ ಲೋಟ ಕೆಳಗಿಟ್ಟರು.

“ಸಾರ್, ನಾ ಹರಿಗೋಲು ಬರ್ದೇ ಇಲ್ಲ. ಆ ಗೋಡೆ ಮ್ಯಾಲೆ ನಾ ಬರ್ದಿದ್ದು ‘ಇಲ್ಲಿ ಗಲೀಜು ಮಾಡಬಾರದು’ ಅಂತ ಒಂದೇ. ಅದನ್ನೂ ಯಾರೂ ಓದ್ಲಿಲ್ಲ ಬಿಡ್ರಿ.”

“ಹಾಗಾದರೆ ಸಮಿತಿಗೆ ಹೋಗಿ ಹೇಳಿಬಿಡಲೇ?”

“ಹೇಳಿದ್ರೆ ಗೋಡೆ ಸ್ಪ್ರೇಯೋರ ಪಾಲಾಗತೈತೆ. ಹೇಳ್ದಿದ್ರೆ, ದಾದಾಪೀರ್ ಹಳೇದನ್ನ ತಿದ್ದಿದ ಅಂತಾರೆ. ಅಂಗಡಿಯೋರ ಹೆಸರಿಲ್ದ ಗೋಡೆ ಈ ಜನ್ಮದಾಗೆ ಇದೊಂದೇ ಸಿಕ್ಕೈತೆ ಸಾರ್. ಇದು ನಂದು, ಈ ವರ್ಷದ್ದು ಅನ್ನಿಸ್ಕೋಬೇಕು.”

ಉದ್ಘಾಟನೆಯ ದಿನ ಎಲ್ಲರೆದುರು ನಿಜ ಹೇಳುತ್ತೇನೆಂದು ಮಾತು ಕೊಟ್ಟೆ. ಮನೆಗೆ ಬರುವ ದಾರಿಯಲ್ಲಿ ತಲೆ ಕೆಟ್ಟುಹೋಯಿತು. ಹಾಗಾದರೆ ಆ ನೀಲಿ ನೀರನ್ನು ನಾನು ನೋಡಿದ್ದೆಲ್ಲಿ? ಜಗಳೂರಿನಲ್ಲೇ ಇರಬೇಕು, ಹೊಳೆಯಿಲ್ಲದ ಊರಿನವರೇ ಗೋಡೆ ಮೇಲೆ ಹೊಳೆ ಬರೆಸುವುದು. ಅಥವಾ ಚನ್ನಗಿರಿಯ ಯಾವುದೋ ಹೋಟೆಲಿನಲ್ಲಿ. ಅಥವಾ ಎಲ್ಲೂ ಇಲ್ಲ. ನನ್ನ ತಲೆಯೂ ದಾದಾಪೀರರ ಬೋರ್ಡಿನಂತೆಯೇ, ಯಾರೂ ಕೆರೆದಿಲ್ಲ.

ನನ್ನ ಭಾಷಣ ಅಷ್ಟರಲ್ಲಿ ಸಂದಿಯ ತುಂಬ ಹಬ್ಬಿತ್ತು. ಬಣ್ಣ ಹಚ್ಚಲು ಶುರುವಾದ ದಿನ ಮಂಡಕ್ಕಿ ಮಾರುವ ಶಾಂತಕ್ಕ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ನೆನಪಿಲ್ದೆ ಏನ್ರಿ ಮೇಷ್ಟ್ರೇ! ನಮ್ಮತ್ತೆ ಕೋಳಿ ಹಿಡ್ಕೊಂಡು ಕುಂತಿದ್ಳಲ್ಲ ಅದ್ರಾಗೆ!”

ಎದುರಿನ ಟೈಲರ್ ಬಸಣ್ಣ ಮಿಷನ್ ನಿಲ್ಲಿಸಿದ. “ಕೋಳಿ ಎಲ್ಲೈತೆ ಶಾಂತಕ್ಕ, ಅದು ಟಗರು. ನಮ್ಮಪ್ಪಂದು.”

“ನಿಮ್ಮಪ್ಪನ ಟಗರು ಹತ್ತಿದ್ರೆ ಹರಿಗೋಲು ಅವತ್ತೇ ಮುಳುಗ್ತಿತ್ತು!”

ದಾದಾಪೀರ್ ಕೋಳಿಯನ್ನೂ ಬರೆದರು, ಟಗರನ್ನೂ ಬರೆದರು. ದಿನಕ್ಕೊಬ್ಬರು ಬಂದು ಒಂದೊಂದು ನೆನಪು ಹತ್ತಿಸಿ ಹೋದರು. ಹೊಳೆಗೆ ತಲೆಮಾರುಗಳಿಂದ ಸೇತುವೆಯಿರುವ ಊರಿನಲ್ಲಿ ಇಷ್ಟು ಜನ ಹರಿಗೋಲು ಹತ್ತಿದ್ದೇಕೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಬೇಕಾದವನು ನಾನೇ, ನಾನು ಸುಳ್ಳುಸಾಕ್ಷಿ.

ಉದ್ಘಾಟನೆಯ ದಿನ ಮೈಕು ಹಿಡಿದು ಎಲ್ಲ ಒಪ್ಪಿಕೊಂಡೆ. ಇಲ್ಲಿ ಯಾವ ಹಳೆಯ ಚಿತ್ರವೂ ಇರಲಿಲ್ಲ, ನನ್ನ ನೆನಪು ತಪ್ಪು, ಇದು ಪೂರ್ತಿ ದಾದಾಪೀರರ ಹೊಸ ಕೃತಿ, ಎಂದೆ. ಶಾಂತಕ್ಕ ನನ್ನ ಹೆಂಡತಿಯ ಕಡೆ ತಿರುಗಿದಳು.

“ಪಾಪ, ಮೇಷ್ಟ್ರಿಗೆ ಮರೆವು ಹತ್ತೈತೆ. ದಾವಣಗೆರಿಗೆ ಕರ್ಕೊಂಡು ಹೋಗಿ ತೋರ್ಸ್ರಿ ಅಮ್ಮಾರೇ.”

ಹೆಂಡತಿ ಗಂಭೀರವಾಗಿ ತಲೆಯಾಡಿಸಿದಳು. ಮದುವೆಯ ಮಳೆಯ ಮೊಕದ್ದಮೆಯನ್ನು ಆ ಕ್ಷಣದಲ್ಲೇ ಗೆದ್ದುಕೊಂಡಳು.

ಜೀವನದಲ್ಲಿ ಸರಿಯಾಗಿ ನೆನಪಿಟ್ಟುಕೊಂಡು ಹೇಳಿದ ಒಂದೇ ಮಾತಿಗೆ ಈ ಮರ್ಯಾದೆ! ನಿಜ ಹೇಳಿಯೂ ಯಾರನ್ನೂ ನಂಬಿಸಲಾಗಲಿಲ್ಲವೆಂದು ದಾದಾಪೀರರ ಮುಖ ನೋಡಲೂ ನಾಚಿಕೆಯಾಯಿತು. ಅವರು ಮಾತ್ರ ನಗುತ್ತ ಗೋಡೆಯ ಬುಡದಲ್ಲಿ ಕೂತು, ಮೂಲೆಯಲ್ಲಿ ತಮ್ಮ ಹೆಸರು ಬರೆದು, ಕೆಳಗೆ ಈ ವರ್ಷದ ಇಸವಿ ಬರೆದರು.

“ಇಸವಿ ತಪ್ಪೈತಲ್ಲೋ ದಾದಾಪೀರಾ,” ಎಂದ ಬಸಣ್ಣ.

“ತಪ್ಪಿಲ್ಲ. ಬಾ, ನೀರು ಮುಟ್ಟಿ ನೋಡು.”

ಬಸಣ್ಣ ಮುಟ್ಟಿದ. ಬೆಳಿಗ್ಗೆ ಕೊಟ್ಟ ಬಣ್ಣದ ಕೊನೆಯ ಕೈ ಇನ್ನೂ ಒಣಗಿರಲಿಲ್ಲ. ನೀಲಿಯಾದ ಬೆರಳನ್ನು ಅವನು ಬಹಳ ಹೊತ್ತು ನೋಡಿಕೊಂಡ.

“ಹೊಸದೇ ಬಿಡು. ನಿಂದೇ,” ಎಂದ. ಎರಡು ಹೆಜ್ಜೆ ಹೋದವನು ತಿರುಗಿ, “ಟಗರು ಮಾತ್ರ ಹಳೇದು,” ಎಂದ.

ಆಧಾರ ಎಲ್ಲಿ ಎಂದು ಮೂವತ್ತು ವರ್ಷ ಕೂಗಿದ ನನಗೆ ಬೆರಳು ಅದ್ದಿಸಬೇಕೆಂದು ಹೊಳೆದಿರಲಿಲ್ಲ.

ಆ ಗದ್ದಲದಲ್ಲಿ ನಾನು ಗಮನಿಸದೇ ಹೋದದ್ದೊಂದಿತ್ತು. ಚಿತ್ರದ ಎಡತುದಿಯಲ್ಲಿ, ದಡದ ಮೇಲೆ, ಕನ್ನಡಕದ ಮನುಷ್ಯನೊಬ್ಬ ಬಗಲಲ್ಲಿ ಪುಸ್ತಕ ಹಿಡಿದು, ಹೊರಟುಹೋದ ಹರಿಗೋಲಿಗೆ ಕೈ ಬೀಸುತ್ತ ನಿಂತಿದ್ದಾನೆ. ಬೋಳುತಲೆ ನನ್ನದೇ.

ಮೊನ್ನೆ ಆ ಸಂದಿಯಲ್ಲಿ ಹೋಗುವಾಗ ಶಾಂತಕ್ಕನ ಹೊಸ ಸೊಸೆ ಚಿತ್ರ ತೋರಿಸಿ ಕೇಳಿದಳು: “ಸಾರ್, ಅವತ್ತು ಹರಿಗೋಲು ತಪ್ಪಿಸ್ಕೊಂಡ್ರಲ್ಲ, ಆಮ್ಯಾಲೆ ಹೆಂಗೆ ದಾಟಿದ್ರಿ?”

ಸೇತುವೆಯ ಮೇಲೆ ನಡೆದುಕೊಂಡು ಹೋದೆ ಎನ್ನಬಹುದಿತ್ತು. ಇತಿಹಾಸದ ಮೇಷ್ಟರಿಗೆ ಒಪ್ಪುವ ಉತ್ತರ ಅದೇ.

“ಎರಡನೇ ಸಲಕ್ಕೆ ಬಂದಾಗ ಹತ್ತಿಕೊಂಡೆನಮ್ಮ,” ಎಂದೆ. “ಅದರಲ್ಲಿ ಜಾಗ ಚೆನ್ನಾಗಿತ್ತು. ಟಗರು ಇರಲಿಲ್ಲ.”