ಬೇಡ ಎಂದರೆ ಇನ್ನೊಂದು ಚಮಚ

ಅಣ್ಣನಿಗೆ ಎದೆ ಹಿಡಿಯುವ ಹಿಂದಿನ ದಿನ ಅವನು ಐದು ಹೋಳಿಗೆ ತಿಂದಿದ್ದ. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಖುಷಿಗೆ ವೈನಿ (ಅಣ್ಣನ ಹೆಂಡತಿ) ಮಾಡಿದ್ದು. ಹೋಳಿಗೆ ತುಪ್ಪದಲ್ಲಿ ಈಜುತ್ತಿದ್ದವು. ಜೊತೆಗೆ ಅಣ್ಣನೂ!

ಮರುದಿನ ಗಾಂಧಿ ಗಂಜಿನ ತನ್ನ ಅಡತಿ (ಧಾನ್ಯದ ದಲ್ಲಾಳಿ) ಅಂಗಡಿಯಲ್ಲಿ ತೊಗರಿ ತೂಗಿಸುತ್ತಿದ್ದವನು ಎದೆ ಒತ್ತಿಕೊಂಡು ಕೂತುಬಿಟ್ಟ. ಹೈದರಾಬಾದಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದೆವು. ಬೀದರಿಗೆ ಹೊಸದಾಗಿ ಬಂದಿದ್ದ ಮೈಸೂರು ಕಡೆಯ ಡಾಕ್ಟರು ರಿಪೋರ್ಟ್ ನೋಡಿ ಹೇಳಿದರು:

"ಕೊಲೆಸ್ಟರಾಲ್ ಜಾಸ್ತಿ ಇದೆ. ರಕ್ತದಲ್ಲಿ ಕೊಬ್ಬು. ತುಪ್ಪ, ಬೆಣ್ಣೆ, ಕರಿದದ್ದು ಬಿಡಿ. ಚೆಕಪ್ ತಪ್ಪಿಸಬೇಡಿ. ಇನ್ನೊಂದು ಪೆಟ್ಟನ್ನು ಈ ಹೃದಯ ತಡೆಯೋದಿಲ್ಲ."

ಮನೆಯಲ್ಲಿ ಬಿಟ್ಟ. ಜೋಳದ ರೊಟ್ಟಿ, ಪುಂಡಿ ಪಲ್ಯ, ಮುಂಜಾನೆ ಕೋಟೆಯವರೆಗೆ ನಡಿಗೆ. ಆದರೆ ನೆಂಟರ ಮನೆ? ನಮ್ಮ ಕಡೆ ಬೇಡ ಎಂದವನ ಎಲೆಗೆ ಬಡಿಸದೆ ಮುಂದೆ ಹೋದರೆ ಮನೆಯವರ ಮಾನವೇ ಹೋದಂತೆ. ಗೊತ್ತಲ್ಲ ನಿಮಗೆ?

ಠಾಣಾ ಕುಶನೂರಿನಲ್ಲಿ ವೈನಿಯ ತವರಿನ ಮದುವೆ. ವೈನಿಯ ಅಣ್ಣನೇ ತುಪ್ಪ ಹಿಡಿದು ಬಂದ.

"ಬ್ಯಾಡ್ರಿ, ಬ್ಯಾಡ್ರಿ," ಎಂದ ನಮ್ಮಣ್ಣ. ಒಂದು ಚಮಚ ಬಿತ್ತು.

"ಖರೇನ ಬ್ಯಾಡ್ರಿ! ಡಾಕ್ಟರ್ ಬಿಡು ಅಂದಾರ." ಇನ್ನೊಂದು.

"ಯಾವೂರ ಡಾಕ್ಟರ್ ರಿ?"

"ಮೈಸೂರ ಕಡಿಯವ್ರು."

"ರಾಜ್ಯ ಒಂದಾದ್ರ ಹೊಟ್ಟಿನೂ ಒಂದಾಗ್ತಾವೇನ್ರಿ ಭಾವಾರ?" ಮತ್ತೊಂದು!

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಣ್ಣ ಅಂಗೈ ಅಡ್ಡ ಹಿಡಿದ. ತುಪ್ಪ ಅಂಗೈಗೇ ಬಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣ ಯೋಚಿಸುತ್ತಿದ್ದ. (ಅಣ್ಣ ಯೋಚಿಸಿದರೆ ನನಗೆ ಭಯ.)

ಎಳ್ಳಮಾವಾಸ್ಯೆಗೆ ಅದೇ ನೆಂಟರ ಹೊಲದಲ್ಲಿ ಊಟ. ಭಜ್ಜಿ (ಕಾಳು-ಸೊಪ್ಪಿನ ಪಲ್ಯ), ಸಜ್ಜೆ ರೊಟ್ಟಿ, ಹೋಳಿಗೆ. ತುಪ್ಪ ಬರುವ ಮೊದಲೇ ಅಣ್ಣ ಕೂಗಿದ:

"ಹಾಕ್ರಿ! ಇನ್ನೂ ಹಾಕ್ರಿ! ಪಾತ್ರಿನೇ ಇಲ್ಲಿ ಇಟ್ ಹೋಗ್ರಿ!"

ವೈನಿಯ ಅಣ್ಣನ ಕೈ ಗಾಳಿಯಲ್ಲೇ ನಿಂತಿತು. ಹೀಗೆ ಬಾಯಿಬಿಟ್ಟು ಕೇಳಿದವರನ್ನು ಆ ಊರು ಕಂಡಿರಲಿಲ್ಲ. ಅವನು ಪಾತ್ರೆ ನೋಡಿದ, ಇನ್ನೂ ತುಪ್ಪ ಬೀಳದ ಎಲೆಗಳನ್ನು ನೋಡಿದ.

"ಭಾವಾರ... ಡಾಕ್ಟರ್ ಏನೋ ಬ್ಯಾಡ ಅಂದಿದ್ರಲ್ರಿ?"

ಒಂದು ಹನಿ ತುಪ್ಪವೂ ಬೀಳಲಿಲ್ಲ! ವೈನಿ ಸೆರಗು ಬಾಯಿಗೆ ತುರುಕಿಕೊಂಡು ಬನ್ನಿ ಗಿಡದ ಹಿಂದೆ ಓಡಿದಳು. ಅಂದಿನಿಂದ ಎಲ್ಲ ಊಟಕ್ಕೂ ಅದೇ ಮಂತ್ರ. ಚೆಕಪ್‌ನಿಂದ ಚೆಕಪ್‌ಗೆ ಕೊಲೆಸ್ಟರಾಲ್ ಇಳಿಯಿತು. ಊರೆಲ್ಲ ಅಣ್ಣನನ್ನು ಹೊಟ್ಟೆಬಾಕ ಎಂದಿತು. ಅವನಿಗೋ ಅದೇ ಬಿರುದು!

ಹೀಗೇ ಹಲವು ವರ್ಷ ನಡೆಯಿತು. ಈ ಶ್ರಾವಣದಲ್ಲಿ ಅಣ್ಣ ಹೋದ. ಅಂಗಡಿಯ ಗಾದಿಯ ಮೇಲೆ, ಕೂತಲ್ಲೇ.

"ಪಥ್ಯ ಮಾಡಿ ಏನ್ ಬಂತ್ರಿ?" ಎಂದು ಕೇಳುವವರಿದ್ದಾರೆ. ನಾನೂ ಡಾಕ್ಟರನ್ನು ಅದನ್ನೇ ಕೇಳಿದೆ. "ಆ ಪೆಟ್ಟು ತಿಂದ ಹೃದಯ ಇಷ್ಟು ವರ್ಷ ನಡೆದದ್ದು ಪಥ್ಯದಿಂದಲೇ. ಇದು ಒಡಹುಟ್ಟಿದವರಿಗೂ ಬರಬಹುದು. ನೀವೂ ಪರೀಕ್ಷೆ ಮಾಡಿಸಿ," ಎಂದರು.

ಎಷ್ಟು ವರ್ಷ, ಎಷ್ಟು ನಗು! ಅದು ಕಡಿಮೆಯೇ?

ಮೊನ್ನೆ ಹೈದರಾಬಾದಿಗೆ ಒಬ್ಬನೇ ಹೋಗಿ ಬಂದೆ. ನನ್ನ ರಿಪೋರ್ಟ್ ಚೆನ್ನಾಗಿದೆ.

ಹೇಳೋಣವೆಂದರೆ ಅಣ್ಣ ಇಲ್ಲ.