ರಂಗೂನಿನಿಂದ ಬಂದ ಗುಂಡುಕಲ್ಲು

ನನ್ನ ಸೋದರತ್ತೆ ಗುಣವತಿ ಮದ್ರಾಸಿನ ಬಂದರಿನ ಗೇಟು ದಾಟಿ ಬಂದಾಗ ಅವಳ ಕೈಯಲ್ಲಿ ಮಗು ಇದೆ ಎಂದೇ ನಾನು ತಿಳಿದೆ. ಹಳೆಯ ಸೀರೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದಳು. ನಲವತ್ತೈದು ದಾಟಿದ, ಅಷ್ಟು ವರ್ಷ ಮಕ್ಕಳಿಲ್ಲದ ಹೆಂಗಸಿಗೆ ಈಗೆಲ್ಲಿಂದ ಮಗು ಎಂದು ಯೋಚಿಸುವ ಬುದ್ಧಿ ನನಗಿರಲಿಲ್ಲ. ೧೯೬೪ನೇ ಇಸವಿ, ನನಗೆ ಹನ್ನೊಂದು ವರ್ಷ. ಅಪ್ಪ ಓಡಿಹೋಗಿ ಅಕ್ಕನ ಕೈಯಿಂದ ಗಂಟನ್ನು ತೆಗೆದುಕೊಂಡವನು ಅದರ ಭಾರಕ್ಕೆ ಅರ್ಧ ಬಗ್ಗಿಬಿಟ್ಟ.

"ಇದೆಂತ ಅಕ್ಕ, ಕಲ್ಲಾ?"

"ಗುಂಡು. ಅಮ್ಮಂದ್. ಬಿಟ್ಟ್ ಬಪ್ಪುಕೆ ಆತ್ತಾ?" ಎಂದಳು ಅತ್ತೆ. ಹದಿನೇಳು ವರ್ಷದ ಮೇಲೆ ತಮ್ಮನನ್ನು ಕಂಡು ಆಡಿದ ಮೊದಲ ಮಾತು ಅದು.

ಒರಳಲ್ಲಿ ಅಕ್ಕಿ, ಉದ್ದು ರುಬ್ಬುವ ಗುಂಡುಕಲ್ಲು. ಕುಂದಾಪುರದ ಅಜ್ಜಿ ಮದುವೆಯಲ್ಲಿ ಮಗಳಿಗೆ ಕೊಟ್ಟದ್ದು. ಅದರ ನೆತ್ತಿಯಲ್ಲಿ ಬೆರಳುದ್ದದ ತೂತು, ತೂತಿಗೆ ಬಡಿದು ಕೂರಿಸಿದ ಮರದ ಗೂಟ. ಗೂಟ ಹಿಡಿದು ಗುಂಡನ್ನು ತಿರುಗಿಸಬೇಕು. ದಿನಾ ರುಬ್ಬುತ್ತಿದ್ದರೆ ಮರ ನೀರು ಕುಡಿದು ಉಬ್ಬಿ ಆನೆ ಎಳೆದರೂ ಬರುವುದಿಲ್ಲ. ಹತ್ತು ದಿನ ಒಣಗಲು ಬಿಟ್ಟರೆ ತಾನಾಗಿಯೇ ಸಡಿಲ. ಇಷ್ಟು ವಿದ್ಯೆ ನಮ್ಮ ಕಡೆಯ ಅಡುಗೆಯವರಿಗೆಲ್ಲ ಗೊತ್ತು. ಗೊತ್ತಿಲ್ಲದವರು ಗಲ್ಲಾಪೆಟ್ಟಿಗೆಯ ಮುಂದೆ ಕೂತು ದುಡ್ಡು ಎಣಿಸುವವರು.

ಅತ್ತೆ ಗಂಡ ಕೃಷ್ಣರಾಜ ಮಾವನ ಜೊತೆ ರಂಗೂನಿಗೆ ಹೋದದ್ದು ೪೭ರ ಶುರುವಿನಲ್ಲಿ. ಮೊಗಲ್ ಸ್ಟ್ರೀಟಿನಲ್ಲಿ ಆರು ಬೆಂಚಿನ ಹೋಟೆಲು. ಆ ಆಗಸ್ಟಿನಲ್ಲಿ ನಮಗೆ ಸ್ವಾತಂತ್ರ್ಯ ಬಂದಾಗ ಅಲ್ಲಿನ ನಮ್ಮವರಿಗೆಲ್ಲ ಅವಳದ್ದೇ ಇಡ್ಲಿ. ಮುಂದಿನ ಜನವರಿಯಲ್ಲಿ ಬರ್ಮಾದವರಿಗೆ ಬಂತು. ಅವರ ಜೋಯಿಸರು ಬೆಳಗಿನ ಜಾವ ನಾಲ್ಕು ಇಪ್ಪತ್ತಕ್ಕೆ ಮುಹೂರ್ತ ಇಟ್ಟಿದ್ದರಂತೆ. ಊರೆಲ್ಲ ಪಟಾಕಿ ಹೊಡೆಯುವಾಗ ಅತ್ತೆ ಹಿಟ್ಟಿನಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು. "ಎರಡ್ ದೇಶದ ಸ್ವಾತಂತ್ರ್ಯಕ್ಕೂ ನಾನೇ ರುಬ್ಬಿದ್ದ್" ಎಂದು ಹೇಳಿಕೊಳ್ಳುತ್ತಿದ್ದಳು. ಸರ್ಕಾರಗಳು ಅವಳನ್ನು ಕೇಳಿಕೊಂಡೇ ಬಂದವು ಎನ್ನುವ ಹಾಗಿರುತ್ತಿತ್ತು ಆ ಗತ್ತು.

ಹದಿನೇಳು ವರ್ಷ ಹೋಟೆಲು ನಡೆಯಿತು. ಆಮೇಲೆ ಅಲ್ಲಿನ ಹೊಸ ಸರ್ಕಾರ ಅಂಗಡಿಗಳೆಲ್ಲ ಇನ್ನು ದೇಶದ್ದು ಎಂದಿತು. ಒಂದು ಬೆಳಿಗ್ಗೆ ಇಬ್ಬರು ಸಿಪಾಯಿಗಳು ಬಂದು ಬೆಂಚು, ತಟ್ಟೆ, ಲೋಟ ಬರೆದುಕೊಂಡು ಬಾಗಿಲ ಮೇಲೆ ಒಂದು ನಂಬರು ಹಾಕಿದರು. ಅತ್ತೆ ಅವರಿಗೆ ತಿಂಡಿ ಆಯಿತೇ ಎಂದು ಕೇಳಿದಳು. ಆಗಿರಲಿಲ್ಲ. ತನ್ನದಲ್ಲದ ಬೆಂಚಿನ ಮೇಲೆ ಕೂರಿಸಿ, ತನ್ನದಲ್ಲದ ತಟ್ಟೆಯಲ್ಲಿ ನಾಲ್ಕು ನಾಲ್ಕು ಇಡ್ಲಿ ಬಡಿಸಿದಳು. "ಪಾಪ, ಮಕ್ಕಳ್. ಅವ್ಕೆ ಮೇಲಿಂದ ಹೇಳ್ದಂಗೆ ಮಾಡ್ತೊ" ಎನ್ನುತ್ತಿದ್ದಳು. ಹಡಗುಕಟ್ಟೆಯಲ್ಲಿ ಬಳೆ, ಮೂಗುತಿ ಎಲ್ಲ ಬಿಚ್ಚಿಟ್ಟು ಬರಬೇಕಾಯಿತು. ಗುಂಡುಕಲ್ಲನ್ನು ಕಂಡ ಅಧಿಕಾರಿ ಮಾತ್ರ ದಂಗಾಗಿ ಹೋದ. ಗೂಟ ಹಿಡಿದು ಎಳೆದ, ಇನ್ನಿಬ್ಬರನ್ನು ಕರೆದು ಎಳೆಸಿದ. ಆ ಬೆಳಿಗ್ಗೆಯಷ್ಟೇ ರುಬ್ಬಿದ ಗುಂಡು, ಎಲ್ಲಿಂದ ಬರಬೇಕು? ಕೊನೆಗೆ ಈ ಹೆಂಗಸಿಗೆ ತಲೆ ಸರಿಯಿಲ್ಲ ಎಂದು ನಕ್ಕು ಬಿಟ್ಟನಂತೆ.

ನಾವಿದ್ದದ್ದು ತ್ರಿಪ್ಲಿಕೇನಿನ ಒಂದು ಮೆಸ್ಸಿನ ಹಿಂದಿನ ಎರಡು ಕೋಣೆಗಳಲ್ಲಿ. ಮೆಸ್ ನನ್ನ ಅಮ್ಮನ ಅಣ್ಣ ಸದಾನಂದನದು. ಅವನನ್ನು ನಾನು ದೊಡ್ಡಮಾವ ಎನ್ನುತ್ತಿದ್ದೆ. ಅಪ್ಪ ವಿಷ್ಣುಮೂರ್ತಿ ಅಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದ. ಭಾವನ ಮೆಸ್ಸು, ಭಾವನ ಕೋಣೆ, ಭಾವನ ಮಾತು. ಅಪ್ಪನದು ಎಂದು ಹೇಳಿಕೊಳ್ಳಲು ಇದ್ದದ್ದು ಸೌಟು ಮತ್ತು ಹೆಗಲ ಮೇಲಿನ ಟವೆಲು, ಕೆಂಪು ಚೌಕದ ಬೈರಾಸು.

ಊರಿಂದ ನೆಂಟರು ಬಂದರೆ ಮೂರು ದಿನ. ಅದು ದೊಡ್ಡಮಾವನ ಕಾನೂನು. ಅವನನ್ನೂ ಪೂರ್ತಿ ದೂರುವ ಹಾಗಿಲ್ಲ. ಕುಂದಾಪುರದಿಂದ ಬಸ್ಸು ಹತ್ತಿದವರೆಲ್ಲ ಇಳಿಯುತ್ತಿದ್ದದ್ದು ನಮ್ಮ ಜಗಲಿಗೇ. ಬರ್ಮಾದಿಂದ ಬಂದವರಿಗೆ ಸರ್ಕಾರ ಊರ ಹೊರಗೆ ಕ್ಯಾಂಪು ಹಾಕಿತ್ತು. ತಗಡಿನ ಮಾಡು, ಮಣ್ಣಿನ ನೆಲ. ಕೃಷ್ಣರಾಜ ಮಾವನಿಗೆ ಉಬ್ಬಸ. ಹಡಗಿನಲ್ಲಿ ಎಂಟು ದಿನ ಕೂತೇ ನಿದ್ದೆ ಮಾಡಿದವನು ಮೆಸ್ಸಿನ ಜಗಲಿಯಲ್ಲೂ ಗೋಡೆಗೊರಗಿ ಕೂತಿರುತ್ತಿದ್ದ, ಮಾತಿಲ್ಲ. ಕ್ಯಾಂಪಿನ ನೆಲದ ಮೇಲೆ ಒಂದು ಮಳೆಗಾಲ ಕಳೆದರೆ ಅವನು ಉಳಿಯುವುದಿಲ್ಲ ಎಂದು ಅತ್ತೆಗೆ ಗೊತ್ತಿತ್ತು. ತೆಂಗಿನಕಾಯಿ, ಸೌದೆ ತುಂಬಿದ ಉಗ್ರಾಣದ ಕೋಣೆಯೊಂದು ಸಿಕ್ಕಿದರೆ ಸಾಕಿತ್ತು.

ಮೂರನೆಯ ಸಂಜೆ ದೊಡ್ಡಮಾವ ಅಪ್ಪನನ್ನು ಕರೆದ. ನಾನು ಅಲ್ಲೇ ಎಲೆ ಒರೆಸುತ್ತ ಕೂತಿದ್ದೆ.

"ವಿಷ್ಣು, ನಾಳೆ ಅಕ್ಕನ್ನ ಎಲ್ಲಿಗ್ ಕರ್ಕಂಡ್ ಹೋತೆ?"

"ಕ್ಯಾಂಪಿಗೇ, ಭಾವಯ್ಯ. ಆ ಕಲ್ಲೊಂದ್ ಹೆಂಗೆ ಸಾಗ್ಸುದ್ ಅಂತ ಕಾಣ್ತಾ ಇದ್ದೆ. ರಂಗೂನಂಗೆ ಮೂರ್ ಜನ ಎಳದ್ರೂ ಅದ್ರ ಗೂಟ ಬರ್ಲಿಲ್ಲೆ ಅಂಬ್ರ್."

"ಯಾಕೆ ಬರ್ಲಿಲ್ಲೆ?"

"ನಂಗೆಂತ ಗೊತ್ತ್? ಬಳೆ, ಮೂಗ್ತಿ ಎಲ್ಲಾ ಕೊಟ್ಟಿಕ್ ಬಂದಳ್. ಕಲ್ಲೊಂದ್ ಬಿಡ್ಲಿಲ್ಲೆ. ನಾನ್ ಎಂತದೂ ಹೇಳುದಿಲ್ಲೆ."

ದೊಡ್ಡಮಾವ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದ. ಮರುದಿನ ಉಗ್ರಾಣದ ಕೋಣೆ ಖಾಲಿಯಾಗಿ, ಸುಣ್ಣ ಕೂಡ ಕಂಡಿತು. "ಗುಣವತಿಯಕ್ಕ, ಇದ್ ನಿಮ್ದೇ ಮನಿ ಅಂತ ತಿಳ್ಕಣಿ" ಎಂದು ದೊಡ್ಡಮಾವ ಹೇಳುವಾಗ ಅವನ ಕಣ್ಣೆಲ್ಲ ಗುಂಡುಕಲ್ಲಿನ ಮೇಲೆ.

ಗೂಟದ ಅಡಿಯ ಚಿನ್ನಕ್ಕೆ ದೊಡ್ಡಮಾವ ಕಾಯುವುದು ಹಾಗೆ ಶುರುವಾಯಿತು. ಆಗ ಚಿನ್ನ ನಿಯಂತ್ರಣದ ಕಾನೂನು ಬಂದು ಅಕ್ಕಸಾಲಿಗರೇ ಅಂಗಡಿ ಮುಚ್ಚಿದ ಕಾಲ. ಯಾರ ಮನೆಯಲ್ಲಿ ಎಷ್ಟಿದೆ ಎಂಬ ಗುಸುಗುಸು ಎಲ್ಲೆಲ್ಲೂ. ದೊಡ್ಡಮಾವ ಆರು ತಿಂಗಳಿಗೊಮ್ಮೆ ಅಪ್ಪನನ್ನು ಬದಿಗೆ ಕರೆದು "ಯಾವಾಗ ತೆಗೂದ್?" ಎನ್ನುವನು. ಅಪ್ಪ ಸೌಟು ಹಿಡಿದುಕೊಂಡೇ, "ಕಾನೂನ್ ಬಿಗಿ ಇತ್ತಲ್ಲ ಭಾವಯ್ಯ" ಎನ್ನುವನು. ಒಮ್ಮೆ ಕಾನೂನು ಸ್ವಲ್ಪ ಸಡಿಲಾಯಿತು. ದೊಡ್ಡಮಾವ ಪೇಪರು ಹಿಡಿದು ಓಡಿಬಂದ. "ಇದ್ ನಮ್ಮನ್ ಹಿಡೂಕ್ ಮಾಡಿದ್ ಉಪಾಯ" ಎಂದ ಅಪ್ಪ. ಮುಂದೆ ಹೊಸ ಕಾಯಿದೆಯೇ ಬಂದಾಗ ದೊಡ್ಡಮಾವ ಅಪ್ಪನ ಬುದ್ಧಿಗೆ ತಲೆದೂಗಿದ.

ಇತ್ತ ಅತ್ತೆ ನಾಲ್ಕನೆಯ ದಿನವೇ ಸೆರಗು ಸಿಕ್ಕಿಸಿ ಒರಳಿನ ಮುಂದೆ ಕೂತಿದ್ದಳು. ಮೆಸ್ಸಿನ ಗುಂಡನ್ನು ಬದಿಗಿಟ್ಟು ತನ್ನದನ್ನು ಇಳಿಸಿದಳು. ಒಂದು ವಾರದಲ್ಲಿ ಇಡ್ಲಿಯ ಸುದ್ದಿ ಬೀದಿಗೆ ಹೋಯಿತು. ಪಾರ್ಥಸಾರಥಿ ಗುಡಿಯ ಹತ್ತಿರದ ಬದರಿನಾಥ ಅಯ್ಯಂಗಾರರು, ಅದುವರೆಗೆ ಮನೆಯ ಹೊರಗೆ ನೀರೂ ಮುಟ್ಟದವರು, ಆಫೀಸಿಗೆ ಹೋಗುವ ದಾರಿಯಲ್ಲಿ ಹಿಂಬಾಗಿಲಿಂದ ಬಂದು ಆರು ಇಡ್ಲಿ ತಿಂದು ಮೂತಿ ಒರೆಸಿಕೊಂಡು ಹೋಗಲು ಶುರುಮಾಡಿದರು. ಅತ್ತೆಗೆ ಅದೇ ದೊಡ್ಡ ಬಿರುದು.

ನನ್ನ ಮೇಲೆ ಅವಳಿಗೆ ಒಂದೇ ದೂರು. ನಾನು ತಮಿಳು ಶಾಲೆಯ ಹುಡುಗಿ. ಅವಳು ಕುಂದಾಪುರದ ಮಾತಿನಲ್ಲಿ ಕೇಳಿದರೆ ನಾನು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದೆ. "ರಂಗೂನಂಗೆ ಇದ್ದದ್ ನಾನಾ, ನೀನಾ ಬೇಬಿ?" ಎಂದು ತಲೆಗೊಂದು ಮೊಟಕುತ್ತಿದ್ದಳು. ಅವಳೆಂದರೆ ನನಗೆ ಜೀವ. ಅದಕ್ಕೇ ಅಪ್ಪನನ್ನು ಕಂಡರೆ ಮೈ ಉರಿಯುತ್ತಿತ್ತು. ದೊಡ್ಡಮಾವನ ಆಸೆಬುರುಕತನ ಊರಿಗೇ ಗೊತ್ತು, ಬಿಡಿ. ಆದರೆ ಒಡಹುಟ್ಟಿದ ತಮ್ಮನೇ ಒಂದು ಚೂರು ಚಿನ್ನಕ್ಕಾಗಿ ಅಕ್ಕನಿಗೆ ಜಾಗ ಕೊಡುವುದೆಂದರೆ? ಹದಿಮೂರು ತುಂಬಿದ ವರ್ಷ ಒಂದು ಮಧ್ಯಾಹ್ನ ಅವನ ಮುಖಕ್ಕೇ ಹೇಳಿಬಿಟ್ಟೆ. ಸಿಟ್ಟು ಬಂದರೆ ನನಗೆ ತಮಿಳೇ ಬರುವುದು. "ಉಂಗಳುಕ್ಕು ಕಲ್ಲುದಾನ್ ವೇಣುಂ, ಅತ್ತೈ ಇಲ್ಲೈ" ಎಂದೆ. ನಿಮಗೆ ಬೇಕಾದ್ದು ಕಲ್ಲು, ಅತ್ತೆಯಲ್ಲ ಎಂದು.

ಅಪ್ಪ ಸೌಟು ಕೈಗೆತ್ತಿಕೊಂಡ. "ಹೌದ್ ಮತ್ತೆ" ಎಂದು ಹೇಳಿ ಸಾರಿಗೆ ಒಗ್ಗರಣೆ ಹಾಕಲು ಹೋದ. ಅಲ್ಲಿಂದ ಮುಂದೆ ನಾನು ಅವನ ಜೊತೆ ಬೇಕಾದಷ್ಟೇ ಮಾತಾಡಿದೆ.

ಉಗ್ರಾಣದ ಕೋಣೆಯ ಬಿಸುಪಿಗೆ ಕೃಷ್ಣರಾಜ ಮಾವನ ಉಸಿರು ಹಿಡಿತಕ್ಕೆ ಬಂತು. ಮಾತೂ ಬಂತು. ದಿನಾ ಪ್ಯಾರೀಸ್ ಕಾರ್ನರಿಗೆ ಹೋಗಿ ರಂಗೂನಿನಿಂದ ಬಂದ ಇತರರ ಜೊತೆ ಸೇರಿ ಅರ್ಜಿ ಬರೆಯುವುದು, ಆಫೀಸುಗಳಿಗೆ ಅಲೆಯುವುದು. ೬೯ರಲ್ಲಿ ಅಲ್ಲೇ ಹತ್ತಿರ ಬರ್ಮಾದವರಿಗೆ ಸಾಲಾಗಿ ಅಂಗಡಿಗಳು ಸಿಕ್ಕಿದಾಗ ಅವನಿಗೂ ಒಂದು ಬಂತು, ಕೊಡೆ ಮತ್ತು ಕೈಗಡಿಯಾರದ ಅಂಗಡಿ. ಮಣ್ಣಡಿಯಲ್ಲಿ ಒಂದು ಸಣ್ಣ ಮನೆ ಹಿಡಿದರು. ಅತ್ತೆ ಹೊಸ ಮನೆ ಗುಡಿಸಿ, ತೊಳೆದು, ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಹತ್ತು ದಿನದಿಂದ ಗುಂಡನ್ನು ಮುಟ್ಟಿರಲಿಲ್ಲ. ಅದು ಹಿತ್ತಲ ಬಿಸಿಲಿನಲ್ಲಿ ಒಣಗುತ್ತ ಬಿದ್ದಿತ್ತು.

ಹೊರಡುವ ಬೆಳಿಗ್ಗೆ ರಿಕ್ಷಾ ಬಂದು ನಿಂತಿತು. ದೊಡ್ಡಮಾವನ ಮುಖದಲ್ಲಿ ರಕ್ತವಿಲ್ಲ. ಐದು ವರ್ಷ ಕಾದದ್ದು ಕಣ್ಣೆದುರೇ ಹೋಗುತ್ತಿದೆ. "ಕಲ್ಲ್ ನಾನೇ ತತ್ತೆ" ಎಂದು ಯಾರಿಗೂ ಕೊಡದೆ, ಗೂಟ ಹಿಡಿದು ಎರಡೂ ಕೈಯಿಂದ ಎತ್ತಿದ. ಗೂಟ ಕೈಗೇ ಬಂತು. ಗುಂಡು ದೊಪ್ಪನೆ ಮರಳಿನ ಮೇಲೆ ಬಿದ್ದು ಅತ್ತೆಯ ಕಾಲ ಬಳಿ ಉರುಳಿ ನಿಂತಿತು.

ದೊಡ್ಡಮಾವ ಮಂಡಿಯೂರಿ ತೂತಿಗೆ ಬೆರಳು ಹಾಕಿದ. ತಿರುಗಿಸಿದ. ಹೊರಗೆ ತೆಗೆದು ಮೂಸಿದ. "ಹಿಟ್ಟ್" ಎಂದ, ಅಳುವವನ ದನಿಯಲ್ಲಿ.

ನಾನು ನೋಡಿದ್ದು ಅವನ ಕೈಯಲ್ಲಿದ್ದ ಗೂಟವನ್ನು. ರಂಗೂನಿನ ಗೂಟ ತೇಗದ್ದು ಎಂದು ಅತ್ತೆ ನೂರು ಸಲ ಹೇಳಿದ್ದಳು. ಇದು ತೇಗವಲ್ಲ, ನಮ್ಮ ಒಲೆಗೆ ದಿನಾ ಉರಿಸುವ ಸವುಕು ಕಟ್ಟಿಗೆ. ಬಿಗಿಯಾಗಲೆಂದು ಅದರ ಬುಡಕ್ಕೆ ಬಟ್ಟೆಯ ಪಟ್ಟಿ ಸುತ್ತಿತ್ತು. ಹಿಟ್ಟು ಮೆತ್ತಿ ಗಟ್ಟಿಯಾಗಿದ್ದರೂ ಕೆಂಪು ಚೌಕ ಕಾಣುತ್ತಿತ್ತು. ದೊಡ್ಡಮಾವನೂ ಅದನ್ನು ನೋಡಿದ, ಆಮೇಲೆ ಅಪ್ಪನ ಹೆಗಲನ್ನು ನೋಡಿದ. ಅಪ್ಪ ಮಾಡಿನ ಹಂಚು ಎಣಿಸುತ್ತಿದ್ದ.

"ವಿಷ್ಣು! ನೀ ಇದನ್ ತೆಗ್ದ್ ಕಂಡಿದ್ಯಾ?"

"ಬಂದ ಎರಡ್ನೇ ದಿನ. ಅಕ್ಕ ಗುಡಿಗ್ ಹೋದಾಗ. ತೆಗೂವಾಗ ಹಳೆ ಗೂಟ ಸೀಳಿ ಹೋಯ್ತ್."

"ಖಾಲಿ ಇತ್ತ್ ಅಂತ ಗೊತ್ತಿತ್ತ್?"

"ಚಿನ್ನ ಇತ್ತ್ ಅಂತ ನಾನ್ ಯಾವತ್ತ್ ಹೇಳಿದೆ, ಭಾವಯ್ಯ?"

ದೊಡ್ಡಮಾವ ನೆನಪು ಮಾಡಿಕೊಂಡ. ನಿಜ, ಹೇಳಿರಲಿಲ್ಲ. "ಐದ್ ವರ್ಷ ಒಂದ್ ಕಲ್ಲಿಗೆ ಕಾವಲ್ ಕೂತಿದೆ ನಾನ್" ಎಂದ. ಸಿಟ್ಟು ಬರಬೇಕಾದ ಜಾಗದಲ್ಲಿ ಅವನಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ಮರಳಿನಲ್ಲೇ ಕೂತು ನಕ್ಕ. ನಕ್ಕು ಸಾಕಾದ ಮೇಲೆ ಗಾಬರಿಯಿಂದ, "ಅಲ್ಲ, ನಾಳೆಯಿಂದ ಇಡ್ಲಿಗ್ ಎಂತ ಮಾಡೂದ್?" ಎಂದು ಕೇಳಿದ. ಬೆಳಿಗ್ಗೆ ಜನ ಕಳಿಸಿದರೆ ಮಣ್ಣಡಿಯಿಂದ ಹಿಟ್ಟು ಕೊಡುತ್ತೇನೆ ಎಂದಳು ಅತ್ತೆ.

ನಾನು ಅತ್ತೆಯನ್ನು ಬದಿಗೆಳೆದೆ. ಅವಳೊಬ್ಬಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಿಂಗ್ ಗೊತ್ತಿತ್ತಾ?"

"ನಾಲ್ಕ್ನೇ ದಿನ ರುಬ್ಬುಕ್ ಕೂಕಂಡಾಗ್ಲೇ. ನನ್ ಕೈಗೆ ನನ್ ಗೂಟ ಗೊತ್ತಿಲ್ದಾ? ಒಳ್ಗ್ ಎಂತ ಇಲ್ಲೆ ಅಂತ ಕಂಡೂ ಅವ ನಮ್ಮನ್ ಕ್ಯಾಂಪಿಗ್ ಕಳಿಸ್ಲಿಲ್ಲೆ. ಮತ್ತೆಂತ ಕೇಳೂದ್ ಅವ್ನತ್ರ?"

ಅಪ್ಪ ಹಿತ್ತಲ ಕಟ್ಟೆಯ ಮೇಲೆ ಕೂತು ಕತ್ತಿಯಿಂದ ಹೊಸ ಗೂಟ ಕೆತ್ತುತ್ತಿದ್ದ. ಹೋಗಿ ಎದುರಿಗೆ ನಿಂತೆ. ಮೂರು ವರ್ಷ ಆಡದ ಮಾತು ನನಗೆ ಬರುವ ಯಾವ ಭಾಷೆಯಲ್ಲೂ ಹೊರಡಲಿಲ್ಲ. ನಾಚಿಕೆಯಿಂದ ಸಾಯುವ ಹಾಗಾಗಿತ್ತು. ಕೊನೆಗೆ ಬಾಯಿಗೆ ಬಂದದ್ದು ಇಷ್ಟೇ: "ಅಪ್ಪ, ತೆಗ್ದ್ ಕಂಡದ್ ಯಾಕೆ?"

"ಇದ್ರೆ ಒಳ್ಳೇದಿತ್ತ್ ಅಂತ" ಎಂದ ಅಪ್ಪ, ತಲೆ ಎತ್ತದೆ.

ಹೆಗಲ ಬೈರಾಸಿನ ಅಂಚು ಹರಿದು ಗೂಟಕ್ಕೆ ಸುತ್ತಿದ. ಬಡಿಯಲು ಕೊಡತಿ ಎತ್ತಿದವನು ನನ್ನನ್ನು ನೋಡಿ, ಗುಂಡುಕಲ್ಲನ್ನು ನನ್ನ ಕಡೆಗೆ ಉರುಳಿಸಿದ.

"ನಂಗ್ ಬೇಕಾದ್ ಕಲ್ಲ್ ಅಲ್ದಾ ಬೇಬಿ? ಹಂಗಾರ್ ಗಟ್ಟಿ ಹಿಡ್ಕೊ."

ನಾನು ನೆಲಕ್ಕೆ ಕೂತು ಎರಡೂ ಕೈಯಿಂದ ಹಿಡಿದುಕೊಂಡೆ.